ಬಂಡಳ್ಳಿಯ ಸಿದ್ದರಾಜುವಿನ ತೂಕ

ಅವನ ತೂಕ ಅರವತ್ತೊಂಬತ್ತೂವರೆ ಕಿಲೋ ಇತ್ತು. ನಾನು ಎಪ್ಪತ್ತು ಕಿಲೋ ಎಂಟುನೂರು ಗ್ರಾಂ ಎಂದು ಕೂಗಿದೆ. ಕಣ್ಣು ತಪ್ಪಿ ಕೂಗಿದ್ದಲ್ಲ, ಯಂತ್ರ ಕೆಟ್ಟು ಕೂಗಿದ್ದೂ ಅಲ್ಲ — ಅಂಕಿ ನೋಡಿ, ಓದಿಕೊಂಡು, ಗೊತ್ತಿದ್ದೇ ಸುಳ್ಳು ಹೇಳಿದೆ. ಅದೂ ಒಂದು ಸಲವಲ್ಲ. ಅದೇ ದಿನ, ಅದೇ ಮನುಷ್ಯನಿಗೆ, ಎರಡು ಸಲ.

ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ. ಈಚೆಗೆ ಯಳಂದೂರಿನ ಒಂದು ಸಭೆಯಲ್ಲಿ ಬಾಯಿಬಿಟ್ಟೆ. ಆಮೇಲೆ ಕಬಡ್ಡಿ ಆಟಗಾರರು ಕೇಳಿದ್ದಕ್ಕೆ ಒಂದು ಪುಟದ ಹೇಳಿಕೆ ಬರೆದು ಸಹಿ ಹಾಕಿಕೊಟ್ಟೆ. ಆ ಹೇಳಿಕೆಯಲ್ಲಿ ನಡೆದದ್ದಷ್ಟೇ ಇದೆ. ನಾನು ಎಂಥವನಾಗಿದ್ದೆ ಎಂಬುದು — ಅದಕ್ಕೆ ಅಲ್ಲಿ ಜಾಗವಿರಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳದಿದ್ದರೂ ಬರೆಯಬೇಕು ಅನ್ನಿಸಿದೆ.

ನಾನು ರಾಚಪ್ಪ. ಕೊಳ್ಳೇಗಾಲದ ಒಂದು ರೇಷ್ಮೆ ನೂಲಿನ ಘಟಕದಲ್ಲಿ ಗೂಡು ತೂಗುವುದರಲ್ಲೇ ಆಯುಷ್ಯ ಕಳೆದವನು. ರೈತರು ಬುಟ್ಟಿ ತಂದು ಇಳಿಸಿದರೆ ನಾನು ತೂಗಿ ಅಂಕಿ ಕೂಗಬೇಕು. ಕೂಗಿದ್ದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಮುಳ್ಳೂರಿನ ಮುದುಕರೊಬ್ಬರು ಬುಟ್ಟಿ ಇಟ್ಟವರು ಯಂತ್ರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ರಾಚಪ್ಪ ಕೂಗುದ್ ಮ್ಯಾಲೆ ಆಯ್ತು ಬುಡಿ" ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತುಬಿಡುತ್ತಿದ್ದರು. ಹಾಗೆ ನನಗೆ ತೂಕದ ರಾಚಪ್ಪ ಎಂದೇ ಹೆಸರಾಯಿತು. ಆ ಹೆಸರು ನನಗೆ ಎಷ್ಟು ಇಷ್ಟವಾಗಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹರೆಯದಲ್ಲಿ ಕಬಡ್ಡಿ ಆಡಿದ್ದೆ. ಮಂಡಿ ಕೆಟ್ಟ ಮೇಲೂ ಆಟ ಬಿಡಲು ಮನಸ್ಸಾಗದೆ ನಮ್ಮ ಭಾಗದ ಕಬಡ್ಡಿ ಸಂಘಕ್ಕೆ ಸೇರಿಕೊಂಡೆ. ಕೊಳ್ಳೇಗಾಲ, ಹನೂರು, ಯಳಂದೂರು — ಈ ಮೂರೂ ಕಡೆಯ ಹಳ್ಳಿ ತಂಡಗಳು ಆ ಸಂಘದ ಕೈಕೆಳಗಿದ್ದವು. ನಮ್ಮಲ್ಲಿ ಪಂದ್ಯ ನಡೆಯುವುದು ತೂಕದ ಲೆಕ್ಕದಲ್ಲಿ. ಎಪ್ಪತ್ತು ಕಿಲೋ ಪಂದ್ಯ ಎಂದರೆ ಎಪ್ಪತ್ತು ಮೀರಿದವನು ಅಂಕಣಕ್ಕೆ ಇಳಿಯುವಂತಿಲ್ಲ. ಆಟಗಾರರನ್ನು ತೂಗಲು ಎಲ್ಲರೂ ನಂಬುವ ಮನುಷ್ಯ ಬೇಕಿತ್ತು. ಸಂಘದ ಅಧ್ಯಕ್ಷರು ನನ್ನನ್ನು ಕರೆದರು. ಎದೆಗೆ ಒಂದು ಬಿಲ್ಲೆ, ವೇದಿಕೆಯ ಮೇಲೆ ಒಂದು ಕುರ್ಚಿ. ಕುರ್ಚಿ ಕೊನೆಯದೇ, ಆದರೂ ವೇದಿಕೆಯ ಮೇಲಿನದು.

ಆಟಗಾರರೆಲ್ಲ ದುಡಿಯುವ ಜನ. ಹೊಲದ ಕೆಲಸ, ಟ್ರ್ಯಾಕ್ಟರ್, ಕಲ್ಲು ಕೆಲಸ ಮುಗಿಸಿ ಸಂಜೆ ಆಡುವವರು. ಅವರಿಗೂ ಸಂಘಕ್ಕೂ ಕೆಲವು ವರ್ಷಗಳಿಂದ ಸರಿಯಿರಲಿಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆ ಯಾವಾಗ ನಡೆಯುತ್ತಿತ್ತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಟ್ಟಿ ಮಾತ್ರ ಬಂದುಬಿಡುತ್ತಿತ್ತು. ಸಂಘದ ಅಪ್ಪಣೆ ಇಲ್ಲದೆ ಹಳ್ಳಿಯವರೇ ಪಂದ್ಯ ಇಟ್ಟುಕೊಂಡರೆ, ಅಲ್ಲಿ ಆಡಿದವರನ್ನು ಸಂಘ ಹೊರಗಿಡುತ್ತಿತ್ತು. ಇದನ್ನು ಎದುರಿಸಿ ನಿಂತವನು ಬಂಡಳ್ಳಿಯ ಸಿದ್ದರಾಜು.

ಸಿದ್ದರಾಜುವಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಟ್ರ್ಯಾಕ್ಟರ್ ಓಡಿಸುತ್ತಿದ್ದ. ಎದುರಾಳಿಯ ಅಂಕಣಕ್ಕೆ ನುಗ್ಗಿದರೆ ಮುಟ್ಟದೆ ವಾಪಸ್ಸು ಬಂದವನೇ ಅಲ್ಲ. ಮಾತು ಕಡಿಮೆ. ಆದರೆ ಅಜ್ಜೀಪುರ, ಮುಳ್ಳೂರು, ಯಳಂದೂರು ಎಂದು ಬೈಕಿನಲ್ಲಿ ತಿರುಗಿ ಹನ್ನೊಂದು ತಂಡಗಳ ಸಹಿ ಹಾಕಿಸಿ ಸಂಘಕ್ಕೆ ಅರ್ಜಿ ಕೊಟ್ಟ. ಅದರಲ್ಲಿ ಕೇಳಿದ್ದು ಎರಡೇ — ಆಯ್ಕೆ ಬಯಲಲ್ಲಿ, ಎಲ್ಲರ ಎದುರು ನಡೆಯಲಿ. ಸಂಘದ ಸಮಿತಿಯಲ್ಲಿ ಆಟಗಾರರ ಕಡೆಯ ಒಬ್ಬರಿರಲಿ.

ಅರ್ಜಿಯ ಕೊನೆಯಲ್ಲಿ ಚುನಾವಣೆಯಿಲ್ಲದೆ ಸಮಿತಿಯಲ್ಲಿ ಕೂತವರ ಹೆಸರುಗಳಿದ್ದವು. ಎಲ್ಲಕ್ಕಿಂತ ಕೆಳಗೆ ನನ್ನ ಹೆಸರು.

ತಪ್ಪೇನಿರಲಿಲ್ಲ. ನಾನು ಚುನಾವಣೆಯಲ್ಲಿ ಬಂದವನಲ್ಲ, ಅದು ನಿಜ. ಆದರೂ — ನನ್ನನ್ನು ಆ ಪಟ್ಟಿಯಲ್ಲಿ ಸೇರಿಸುವುದೇ? ತೂಕದ ರಾಚಪ್ಪನನ್ನು? ಮೂರು ದಿನ ಅನ್ನ ಇಳಿಯಲಿಲ್ಲ. ಆಗ ನನ್ನೊಳಗೆ ಒಂದು ಸಣ್ಣ ಕಿಚ್ಚು ಹತ್ತಿಕೊಂಡಿತು. ಅದನ್ನು ಆರಿಸಬಹುದಿತ್ತು. ಆರಿಸಲಿಲ್ಲ.

ಹನೂರಿನಲ್ಲಿ ಎಪ್ಪತ್ತು ಕಿಲೋ ಪಂದ್ಯಾವಳಿ. ಹಿಂದಿನ ಸಂಜೆ ಅಧ್ಯಕ್ಷರು ಅಂಕಣ ನೋಡಲು ಬಂದಿದ್ದರು. ಹೋಗುವಾಗ ನನ್ನ ಪಕ್ಕ ನಿಂತು, "ರಾಚಪ್ಪ, ಆ ಬಂಡಳ್ಳಿಯವನು ಈ ಸಲ ಸ್ವಲ್ಪ ದಪ್ಪಗೆ ಕಾಣ್ತಾನೆ. ಎಪ್ಪತ್ತು ದಾಟಿರಬಹುದು. ನೋಡಿ" ಎಂದರು. ಅಷ್ಟೇ. 'ನೋಡಿ' ಎಂದರು, 'ಹೀಗೆ ಮಾಡಿ' ಅನ್ನಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ವರ್ಷಗಟ್ಟಲೆ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ — ಅವರು ಹೇಳಿಸಿದರು, ನಾನು ಬರೀ ಬಾಯಿ, ಎಂದು.

ಬೆಳಿಗ್ಗೆ ಶಾಲೆಯ ಒಂದು ಕೋಣೆಯಲ್ಲಿ ತೂಕ. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಯಂತ್ರದ ಅಂಕಿ ತೂಗುವವನ ಕಡೆಗೆ ಮುಖ ಮಾಡಿತ್ತು. ಮೇಲೆ ನಿಂತವನಿಗೆ ಕಾಣದು. ಸಿದ್ದರಾಜು ಬನಿಯನ್, ಚಡ್ಡಿಯಲ್ಲಿ ಬಂದು ನಿಂತ. "ನಮಸ್ಕಾರ ಅಣ್ಣ" ಎಂದ. ಅರವತ್ತೊಂಬತ್ತೂವರೆ. ನಾನು ಒಂದು ಕ್ಷಣ ಆ ಅಂಕಿಯನ್ನೇ ನೋಡಿದೆ. ಅಧ್ಯಕ್ಷರು ಕಿಟಕಿಯ ಬಳಿ ಯಾರೊಡನೆಯೋ ಮಾತನಾಡುತ್ತಿದ್ದರು, ನಮ್ಮ ಕಡೆ ನೋಡಲೂ ಇಲ್ಲ.

"ಎಪ್ಪತ್ತು, ಎಂಟುನೂರು" ಎಂದು ಕೂಗಿದೆ.

ಅವನು ತಲೆಯೆತ್ತಿದ. "ಇನ್ನೊಂದ್ ಸಲ ನೋಡಿ ಅಣ್ಣ. ಊರಲ್ ತೂಗ್ದಾಗ ಎಪ್ಪತ್ತರ್ ಒಳ್ಗಿತ್ತು."

"ನೋಡಾಯ್ತು."

ತೂಕ ಇಳಿಸಿಕೊಂಡು ಬರಲು ಒಂದು ಗಂಟೆ ಕೊಡುವ ಪದ್ಧತಿಯಿತ್ತು. ಅವನು ಎರಡು ಅಂಗಿ ತೊಟ್ಟು, ಮೇಲೊಂದು ಕಂಬಳಿ ಹೊದ್ದು, ಮೈದಾನ ಸುತ್ತತೊಡಗಿದ. ಬೇಸಗೆಯ ಬಿಸಿಲು. ಕೋಣೆಯ ಬಾಗಿಲಿನಿಂದ ನನಗೆ ಕಾಣುತ್ತಿತ್ತು — ಪ್ರತಿ ಸುತ್ತಿಗೂ ಒಮ್ಮೆ ಹಾದುಹೋಗುತ್ತಿದ್ದ. ನಡುನಡುವೆ ಎಂಜಲು ಉಗಿಯುತ್ತಿದ್ದ, ಹನಿ ನೀರೂ ಇಳಿಯಲಿ ಎಂದು. ಆ ಒಂದು ಗಂಟೆಯಲ್ಲಿ ನಾನು ಹೊರಗೆ ಹೋಗಿ 'ತಪ್ಪಾಗಿ ಓದಿದೆ ಬಾರಪ್ಪ' ಎಂದಿದ್ದರೆ ಸಾಕಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ಗಂಟೆ ಎಂದರೆ ಸಣ್ಣ ಹೊತ್ತಲ್ಲ —

ಮತ್ತೆ ಬಂದು ನಿಂತ. ಕಂಬಳಿ, ಅಂಗಿ ಕಳಚಿ ಯಂತ್ರ ಹತ್ತಿದ. ಅರವತ್ತೊಂಬತ್ತು, ಚಿಲ್ಲರೆ ಇಲ್ಲ.

"ಎಪ್ಪತ್ತು, ಇನ್ನೂರು" ಎಂದೆ.

ಹೊರಗೆ ಬಂಡಳ್ಳಿಯ ಹುಡುಗರು ಎದ್ದರು. ಮೋಸ, ಯಂತ್ರ ತಿರುಗಿಸಿ ತೋರಿಸಲಿ ಎಂದು ಬಾಗಿಲಿಗೆ ನುಗ್ಗಿದರು. ತೋರಿಸಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ತಡೆದವನು ಸಿದ್ದರಾಜುವೇ. ಕಂಬಳಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ಬಾಗಿಲಿಗೆ ಅಡ್ಡ ನಿಂತು ಹೇಳಿದ:

"ಸುಮ್ಕಿರ್ರಲಾ. ಗೂಡು ತೂಗೋ ಕೈ ಅದು. ರಾಚಪ್ಪಣ್ಣ ಸುಳ್ ಏಳಕಿಲ್ಲ. ತಪ್ಪು ನಂದೇಯ."

ಈ ಮಾತು ನನ್ನ ಕಿವಿಯಿಂದ ಹೋಗಲಿಲ್ಲ. ಬೈದಿದ್ದರೆ ಹೋಗುತ್ತಿತ್ತೇನೋ.

ಅವನಿಲ್ಲದೆ ಆಡುವುದಿಲ್ಲ ಎಂದು ತಂಡ ಹಿಂದೆ ಸರಿಯಿತು. ಅಶಿಸ್ತು ಎಂದು ಸಂಘ ಇಡೀ ತಂಡವನ್ನು ಎರಡು ವರ್ಷ ಹೊರಗಿಟ್ಟಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಅರ್ಜಿ ನಗೆಪಾಟಲಿಗೀಡಾಯಿತು. "ತನ್ ಮೈ ಸರಿಯಾಗ್ ಇಟ್ಕಳಾಕಾಗ್ದೋನು ಸಂಘ ಸರಿ ಮಾಡ್ತಾನಂತೆ" ಎಂದು ಟೀ ಅಂಗಡಿಗಳಲ್ಲಿ ಮಾತಾಯಿತು. ಸಹಿ ಹಾಕಿದ್ದ ತಂಡಗಳು ಒಂದೊಂದಾಗಿ ಸಹಿ ಹಿಂತೆಗೆದುಕೊಂಡವು. ಒಂದೇ ಒಂದು ಅಂಕಿ — ಅದರಿಂದ ಹನ್ನೊಂದು ಊರುಗಳ ಮಾತು ನೆಲಕಚ್ಚಿತು.

ಎರಡು ತಿಂಗಳ ನಂತರ ಅವನನ್ನು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಂಡೆ. ಮೊದಲು ಗುರುತಾಗಲಿಲ್ಲ. ಕತ್ತಿನ ಎಲುಬು ಎದ್ದಿತ್ತು, ಕೆನ್ನೆ ಒಳಹೋಗಿತ್ತು. ಅವನೇ ಓಡಿ ಬಂದು ಮಾತಾಡಿಸಿದ. ಟೀ ಕುಡಿಯೋಣ ಬಾ ಎಂದೆ — ಏನಾದರೂ ಅನ್ನಬೇಕಿತ್ತಲ್ಲ.

"ಬ್ಯಾಡಣ್ಣ. ಸಕ್ಕರೆ ಬುಟ್ಟಿವ್ನಿ. ರಾತ್ರಿ ಮುದ್ದೇನೂ ಬುಟ್ಟಿವ್ನಿ." ಆಮೇಲೆ ಸ್ವಲ್ಪ ನಾಚಿಕೊಂಡು ನಕ್ಕ. "ಈಗ ಅರವತ್ಮೂರು. ಎರಡ್ ವರ್ಸ ಕಳುದ್ ಮ್ಯಾಲೆ ನೀವೇ ತೂಗಿ. ಆಗ ಒಪ್ತೀರಲ್ಲ?"

ನಾನು ತಲೆಯಾಡಿಸಿದೆ. ಅವನ ಎದುರಿನಲ್ಲೇ ನನ್ನ ಟೀ ಕುಡಿದೆ.

ಎರಡು ವರ್ಷ ಮುಗಿದ ಮೇಲೆ ಅವನು ಆಡಲು ಬರಲಿಲ್ಲ. ತಿನ್ನದೆ ಬಿಸಿಲಲ್ಲಿ ದುಡಿದು ಒಮ್ಮೆ ಟ್ರ್ಯಾಕ್ಟರ್ ಮೇಲಿಂದ ತಲೆಸುತ್ತಿ ಬಿದ್ದು ಭುಜ ಮುರಿದಿದ್ದ ಎಂದು ಯಾರೋ ಹೇಳಿದರು. ಕೇಳಿದ ದಿನ ಬಂಡಳ್ಳಿಗೆ ಹೋಗಬೇಕೆಂದು ಹೊರಟೆ. ಬಸ್ಸು ಹತ್ತಿ ಕೂತೆ ಕೂಡ. ಬಸ್ಸು ಹೊರಡುವ ಮುಂಚೆ ಇಳಿದುಬಿಟ್ಟೆ. ಮರುವರ್ಷ ಸಂಘ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿತು, ನಿಷ್ಪಕ್ಷಪಾತ ಸೇವೆ ಎಂದು. ಬೇಡ ಅನ್ನಲಿಲ್ಲ.

ಇನ್ನು ಈ ವರ್ಷದ್ದು.

ಈಗಿನ ಆಟಗಾರರು ನಮ್ಮ ಕಾಲದವರಂತೆ ಅಲ್ಲ. ಮೂರೂ ತಾಲ್ಲೂಕಿನವರು ಸೇರಿ ತಮ್ಮದೇ ಒಂದು ಬಳಗ ಮಾಡಿಕೊಂಡು ಅಜ್ಜೀಪುರದಲ್ಲಿ ಪಂದ್ಯ ಇಟ್ಟರು. ಹೆಂಗಸರ ತಂಡಗಳೂ ಬಂದವು. ಬಳಗದ ಮುಂದಾಳು ಯಳಂದೂರಿನ ರುಕ್ಮಿಣಿ ಎಂಬ ಹೆಣ್ಣುಮಗಳು. ಹೊಲಿಗೆ ಅಂಗಡಿ ಇಟ್ಟುಕೊಂಡು ಸಂಜೆ ಆಡುವವಳು. ಹಳೆಯ ಚಾಳಿಯಂತೆ ಸಂಘ ಅಲ್ಲಿ ಆಡಿದವರನ್ನೆಲ್ಲ ಹೊರಗಿಡುವುದಾಗಿ ನೋಟಿಸ್ ಕೊಟ್ಟಿತು. ಇವರು ಹೆದರಲಿಲ್ಲ. ಮೇಲಿನ ಸಂಸ್ಥೆಗೆ ದೂರು ಕೊಟ್ಟರು. ಅಲ್ಲಿಂದ ಒಬ್ಬರು ವಿಚಾರಣೆಗೆ ಬಂದರು. ಯಳಂದೂರಿನಲ್ಲಿ ಎರಡೂ ಕಡೆಯವರ ಸಭೆ ಕರೆದರು.

ನಾನು ಸಂಘದ ಕಡೆ, ಎಂದಿನ ಕೊನೆಯ ಕುರ್ಚಿಯಲ್ಲಿ. ಎದುರಿಗೆ ಆಟಗಾರರು. ಹಿಂದಿನ ಸಾಲಿನಲ್ಲಿ ಸಿದ್ದರಾಜು ಕೂತಿದ್ದ. ಆಡುವುದು ಬಿಟ್ಟರೂ ಬಂಡಳ್ಳಿಯ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದಾನೆ ಎಂದು ಅಲ್ಲಿಯೇ ನನಗೆ ತಿಳಿದದ್ದು. ಅವರ ಜೊತೆ ಬಂದಿದ್ದ.

ಅಧ್ಯಕ್ಷರು ತಮ್ಮ ಮಾತಿನಲ್ಲಿ ಹಳೆಯದನ್ನು ಎತ್ತಿದರು. "ಇದು ಇಂದಿನದಲ್ಲ ಸಾರ್. ಹಿಂದೆಯೂ ಬಂಡಳ್ಳಿಯವರು ಹೀಗೇ ಮಾಡಿದರು. ಅವರ ನಾಯಕನದ್ದೇ ತೂಕ ಹೆಚ್ಚು, ಗಲಾಟೆ ಮಾತ್ರ ಸಂಘದ ಮೇಲೆ. ಬೇಕಾದರೆ ರಾಚಪ್ಪನವರನ್ನು ಕೇಳಿ, ತೂಗಿದವರು ಅವರೇ."

ರುಕ್ಮಿಣಿ ಎದ್ದು ನಿಂತಳು. ಜಗಳಕ್ಕೆ ನಿಂತಳು ಅಂದುಕೊಂಡೆ. ಅವಳು ಹೇಳಿದ್ದು ಬೇರೆ. "ರಾಚಪ್ಪನವ್ರು ಏಳುದ್ರೆ ನಾವ್ ಒಪ್ಕತೀವಿ ಸಾ. ಅವ್ರ್ ಮಾತ್ನ ಸಿದ್ದಣ್ಣನೇ ಒಪ್ಕಂಡವ್ನೆ."

ನಾನು ಸಿದ್ದರಾಜುವಿನ ಕಡೆ ನೋಡಿದೆ. ಹೌದು ಎಂಬಂತೆ ತಲೆಯಾಡಿಸಿದ.

ಆಗ ಎದ್ದೆ. ಧೈರ್ಯದಿಂದ ಎದ್ದೆ ಅನ್ನಲಾರೆ. ಕೆಲಸದಿಂದ ನಿವೃತ್ತನಾಗಿದ್ದೆ, ವಯಸ್ಸಾಗಿತ್ತು. ಕಳೆದುಕೊಳ್ಳಲು ಉಳಿದಿದ್ದು ಒಂದು ಹೆಸರು ಮಾತ್ರ. ಅಷ್ಟು ಸುಲಭವಾದ ಮೇಲೆ ಹೇಳಿದ ಸತ್ಯಕ್ಕೆ ಎಷ್ಟು ಬೆಲೆಯೋ — ನನಗೆ ಗೊತ್ತಿಲ್ಲ. ಆದರೆ ಅವನ ಆ ನಂಬಿಕೆಯನ್ನು ಎರಡನೆಯ ಸಲ ಹೊತ್ತುಕೊಂಡು ಮನೆಗೆ ಹೋಗಲು ನನ್ನಿಂದಾಗಲಿಲ್ಲ.

"ಅವನ ತೂಕ ಹೆಚ್ಚಿರಲಿಲ್ಲ" ಎಂದೆ. "ಎರಡು ಸಲವೂ ನಾನು ಸುಳ್ಳು ಕೂಗಿದೆ."

ಅಧ್ಯಕ್ಷರ ಮುಖ ಬಿಳಿಚಿತು. "ರಾಚಪ್ಪ, ಸುಳ್ಳು ಕೂಗಿ ಅಂತ ನಾನು ನಿಮಗೆ ಹೇಳಿದ್ದೆನಾ?" ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಭಯವಿತ್ತು.

"ಇಲ್ಲ. 'ನೋಡಿ' ಅಂದಿರಿ, ಅಷ್ಟೇ. ಸುಳ್ಳು ಹೇಳಿದವನು ನಾನು."

ಸಿದ್ದರಾಜು ಎದ್ದು ಹೊರಗೆ ಹೋದ. ಹಿಂದೆಯೇ ಹೋದೆ. ಕಟ್ಟಡದ ಪಕ್ಕದ ನಲ್ಲಿಯಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ. ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಹತ್ತಿರವೇ ನಿಂತೆ.

ತಿರುಗದೆಯೇ ಕೇಳಿದ: "ಮೊದಲ್ನೇ ಸಲ ಎಷ್ಟಿತ್ತು?"

"ಅರವತ್ತೊಂಬತ್ತೂವರೆ."

"ಓಡ್ ಬಂದಾಗ?"

"ಅರವತ್ತೊಂಬತ್ತು."

ನಲ್ಲಿ ನಿಲ್ಲಿಸಿದ. ಕೈಯ ನೀರು ಕೊಡವಿದ. "ಒಂಬತ್ ವರ್ಸ ನನ್ ಮೈನೇ ಬೈಕಂಡಿವ್ನಿ ಕಣಣ್ಣ" ಎಂದ. "ಉಣ್ಣಕ್ ಕೂತಾಗ್ಲೆಲ್ಲ ಬೈಕಂಡಿವ್ನಿ. ಇದ್ ಪಾಪಿ ಮೈ, ನನ್ ಮಾತ್ ಕೇಳ್ನಿಲ್ಲ, ಊರ್ಗೆಲ್ಲ ಅವಮಾನ ತಂತು ಅಂತ." ನನ್ನ ಕಡೆ ತಿರುಗಿದ. "ಅದು ನನ್ ಮಾತ್ ಕೇಳಿತ್ತು."

ಅವನು ಒಳಗೆ ಹೋಗಿ ತನ್ನ ಹುಡುಗಿಯರ ಜೊತೆ ಕೂತ. ನಾನು ಒಳಗೆ ಹೋಗಲಿಲ್ಲ.

ವಿಚಾರಣೆಯವರು ಕೆಲವು ವಾರಗಳಲ್ಲಿ ತೀರ್ಮಾನ ಕಳಿಸಿದರು. ನೋಟಿಸ್ ರದ್ದಾಯಿತು. ಆಯ್ಕೆಯನ್ನು ಮುಂದೆ ಬಯಲಲ್ಲಿ, ದಿನವನ್ನು ಮೊದಲೇ ತಿಳಿಸಿ ನಡೆಸಬೇಕು ಎಂದಾಯಿತು. ಸಮಿತಿಯಲ್ಲಿ ಆಟಗಾರರು ಇಬ್ಬರು — ಸಿದ್ದರಾಜು ಅಂದು ಕೇಳಿದ್ದು ಒಬ್ಬರನ್ನು. ಬಂಡಳ್ಳಿ ತಂಡದ ಹಳೆಯ ಶಿಕ್ಷೆಯನ್ನು ದಾಖಲೆಯಿಂದ ತೆಗೆದರು. ಅಧ್ಯಕ್ಷರು ಸಂಘದ ಮುಂದಿನ ಚುನಾವಣೆಯವರೆಗೆ ಇರುತ್ತಾರೆ. ರುಕ್ಮಿಣಿ ಈಗ ಅವರ ಎದುರಿಗೇ ಕೂತು ಪ್ರಶ್ನೆ ಕೇಳುತ್ತಾಳಂತೆ. ನಾನು ಎದೆಯ ಬಿಲ್ಲೆ ತೆಗೆದು ರಾಜೀನಾಮೆಯ ಜೊತೆ ಕಳಿಸಿದೆ. ಪೇಟೆಯಲ್ಲಿ ಕೆಲವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಮುಳ್ಳೂರಿನ ರೈತರೊಬ್ಬರು ದಾರಿಯಲ್ಲೇ ಕೇಳಿದರು, "ನಮ್ ಗೂಡ್ನ ಸರ್ಯಾಗ್ ತೂಗಿದ್ರಾ ರಾಚಪ್ಪ?" ತೂಗಿದ್ದೆ. ಹೌದೆಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ನಂಬಿ ಎನ್ನುವ ಹಕ್ಕು ಹೋಯಿತು.

ಒಂದು ಶನಿವಾರ ಸಿದ್ದರಾಜುವಿನಿಂದ ಫೋನು ಬಂತು. ನಮಸ್ಕಾರ ಇಲ್ಲ, ಅಣ್ಣ ಇಲ್ಲ.

"ಬಂಡಳ್ಳಿಲಿ ಹುಡುಗೀರ್ಗೆ ಹೊಸ ಅಂಕಣ ಮಾಡ್ತಿವ್ನಿ. ಕಲ್ಲು ಮುಳ್ಳು ಆಯಾಕೆ, ಗೆರೆ ಎಳಿಯಾಕೆ ಜನ ಬೇಕು. ಬರಂಗಿದ್ರೆ ಬನ್ನಿ. ಆದ್ರೆ ಸೀಟಿ ಮಾತ್ರ ನಿಮ್ ಕೈಗ್ ಕೊಡಕಿಲ್ಲ."

ಈ ಸಲ ಬಸ್ಸಿನಿಂದ ಇಳಿಯಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಹುಡುಗಿಯರು ಹದಿನಾಲ್ಕು ಜನ. ಅವರಲ್ಲಿ ಇಬ್ಬರು ಬರುವ ತಿಂಗಳ ಬಯಲು ಆಯ್ಕೆಗೆ ತಯಾರಾಗುತ್ತಿದ್ದಾರೆ. ಈ ಮುದುಕ ಯಾಕೆ ಕೊಳ್ಳೇಗಾಲದಿಂದ ಬಂದು ಕಲ್ಲು ಆಯುತ್ತಾನೆ ಎಂದು ಅವರು ಪಿಸುಗುಟ್ಟುವುದು ಕೇಳಿಸುತ್ತಿತ್ತು. ಸಿದ್ದರಾಜು ಏನೂ ಹೇಳಿರಲಿಲ್ಲ. ಅದು ಅವನು ಹೇಳುವ ಮಾತಲ್ಲ ಅನ್ನಿಸಿ, ಮೊನ್ನೆ ಆಟ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ನಾನೇ ಹೇಳಿದೆ, ಇಲ್ಲಿ ಬರೆದಂತೆಯೇ, ಮೊದಲಿನಿಂದ.

ಕೊನೆಗೆ ಶಿವಮ್ಮ ಎಂಬ ಹುಡುಗಿ, ಒಳ್ಳೆಯ ಹಿಡಿತಗಾರ್ತಿ, ಕೇಳಿದಳು: "ಸಿದ್ದಣ್ಣುಂಗೆ ತಪ್ಪಾಯ್ತು ಅಂದ್ರಾ?"

ಸಭೆಯಲ್ಲಿ ಹೇಳಿದ್ದೆ, ಕಾಗದದಲ್ಲಿ ಬರೆದುಕೊಟ್ಟಿದ್ದೆ, ಅಂಕಿಗಳನ್ನು ಒಪ್ಪಿಸಿದ್ದೆ. ಆ ಒಂದು ಮಾತನ್ನು ಅವನ ಮುಖ ನೋಡಿ ಅಂದಿರಲೇ ಇಲ್ಲ.

ಸಿದ್ದರಾಜು ಅಂಕಣದ ಆ ತುದಿಯಲ್ಲಿ ಗುದ್ದಲಿ ತೊಳೆಯುತ್ತಿದ್ದ. ಹುಡುಗಿಯರು ನೋಡುತ್ತಿದ್ದಂತೆಯೇ ಎದ್ದು ಹೋದೆ.

"ಸಿದ್ದರಾಜು, ತಪ್ಪಾಯ್ತು ಕಣಪ್ಪ" ಎಂದೆ. ಬೇರೆ ಏನನ್ನೂ ಸೇರಿಸಲಿಲ್ಲ.

ಅವನು ನನ್ನ ಮುಖವನ್ನು ನೇರವಾಗಿ ನೋಡಿದ. ಆಮೇಲೆ ಗುದ್ದಲಿಯನ್ನು ಗೋಡೆಗೆ ಒರಗಿಸಿ, "ಊಂ" ಎಂದ. "ಆ ಕಡೆ ಗೆರೆ ಸೊಟ್ಟಕ್ ಬಂದದೆ ನೋಡಿ ಅಣ್ಣ. ಅಳ್ಸಿ ಎಳೀರಿ."

ಸೊಟ್ಟವಾಗಿಯೇ ಇತ್ತು. ಅಳಿಸಿ, ಹಗ್ಗ ಕಟ್ಟಿ, ಮತ್ತೆ ಎಳೆದೆ.